ಸುಂಕ ಇಳಿದರೆ ನಂದಿ ವೈನ್ ಉಳಿದೀತೇ?

ಇಂದಿರಾನಗರದ ಅಂಗಡಿಗಳಲ್ಲಿ ಫ್ರಾನ್ಸಿನ ಬೋರ್ಡೋ ವೈನ್ ದುಬಾರಿಯಾಗಲು ದೊಡ್ಡ ಕಾರಣ, ಆಮದಿಗೆ ಹಾಕುತ್ತ ಬಂದ ಶೇ 150ರ ಸುಂಕ. ಯುರೋಪ್ ಒಕ್ಕೂಟದ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಅದನ್ನು ಇಳಿಸುವ ಮಾತಾಗಿದೆ. ಗ್ರಾಹಕರಿಗೇನೋ ಖುಷಿ. ನಂದಿ ತಪ್ಪಲಿನ ತೋಟಗಳ ಗತಿ?

1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಶುರುವಾದ ಗ್ರೋವರ್ ಸಂಸ್ಥೆ, ಬೋರ್ಡೋದ ತಜ್ಞ ಮಿಶೆಲ್ ರೋಲಾನ್ ಸಲಹೆ ಪಡೆದು, ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಬೆರೆಸಿ ‘ಲಾ ರಿಸರ್ವ್’ ತಯಾರಿಸಿತು. ಇಂಥ ಕೆಂಪು ವೈನ್ ಓಕ್ ಪೀಪಾಯಿಯಲ್ಲಿ ಮಾಗುವವರೆಗೆ ಹಾಕಿದ ದುಡ್ಡೂ ಅಲ್ಲೇ ಕೂತಿರುತ್ತದೆ. ಬೋರ್ಡೋದ ಹೆಸರಾಂತ ತೋಟಗಳಿಗೆ 1855ರ ಶ್ರೇಣಿಪಟ್ಟಿಯ ಬಲವಿದೆ. ನಮ್ಮವು ಇನ್ನೂ ಎಳೆಯವು.

ಸುಂಕದ ಗೋಡೆ ಸದಾ ಇರಲಿ ಎನ್ನುತ್ತಿಲ್ಲ. ಅದು ಇಳಿಯುವಷ್ಟರಲ್ಲಿ ವೈನ್ ಮಾಗಿಸಲು ಕಡಿಮೆ ಬಡ್ಡಿಯ ಸಾಲವನ್ನಾದರೂ ಸರ್ಕಾರ ಕೊಡಿಸಲಿ. ಕಾಯುವ ಶಕ್ತಿಯಿಲ್ಲದವರು ಮಾಗಿದ ವೈನ್ ಮಾಡಲಾರರು.