ಪಟದ ದ್ರೌಪದಿ, ಮಾತಿನ ದ್ರೌಪದಿ

ಬಿಳಿಕೆರೆಯ ಸೀಮೆಯಲ್ಲಿ ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ನಡೆಯುತ್ತಿದ್ದ ಪೌರಾಣಿಕ ನಾಟಕವೊಂದರ ತಾಲೀಮಿಗೆ ಈಚೆಗೆ ನಮ್ಮನ್ನು ಕರೆದಿದ್ದರು. ದ್ರೌಪದಿಯ ಪಾತ್ರಕ್ಕೆಂದು ಬಂದಿದ್ದ ಹುಡುಗಿಯ ಕಂಠ ಶುದ್ಧ, ಉಚ್ಚಾರ ಸ್ಪಷ್ಟ. ಆದರೂ ಅವಳನ್ನು ಸಖಿಯ ಪಾತ್ರಕ್ಕೆ ಇಳಿಸಿದ್ದರು. ಕಾರಣವೇನೆಂದು ಕೇಳಲು, ನಾಟಕದ ಮೇಷ್ಟರು ಗೋಡೆಯ ಕ್ಯಾಲೆಂಡರನ್ನು ತೋರಿ, “ನೋಡಿ ಸ್ವಾಮಿ, ದ್ರೌಪದಿ ಹೀಗಿರಬೇಕು, ಈ ಮಗು ಕಪ್ಪು” ಎಂದರು.

ನಮಗೆ ನಗುವೂ ಬಂದಿತು, ಸಂಕಟವೂ ಆಯಿತು. ವ್ಯಾಸರ ಆದಿಪರ್ವದಲ್ಲಿ ಯಜ್ಞವೇದಿಯಿಂದೆದ್ದ ಆ ಕನ್ಯೆ ಶ್ಯಾಮವರ್ಣದವಳು, ಕಮಲದ ಎಸಳಿನಂಥ ಕಣ್ಣಿನವಳು, ಗುಂಗುರುಗೂದಲಿನವಳು. ಮೈಬಣ್ಣದ ದೆಸೆಯಿಂದಲೇ ಅವಳಿಗೆ ಕೃಷ್ಣೆಯೆಂದು ಹೆಸರಾಯಿತು. ದ್ರೋಣಪರ್ವದಲ್ಲಿ ಕರ್ಣನು ಭೀಮನನ್ನು ಮೀಸೆ ಗಡ್ಡಗಳಿಲ್ಲದವನೆಂದು ಹಳಿದಿರುವನು; ಇಲ್ಲಿಯ ಭೀಮನ ಹುರಿಮೀಸೆಯನ್ನು ಕಂಡು ಅದನ್ನೂ ಹೇಳಬೇಕೆನ್ನಿಸಿತು. ಒಂದು ದಿನಕ್ಕೆ ಒಂದೇ ಜಗಳ ಸಾಕೆಂದು ಸುಮ್ಮನಾದೆವು.

ಪಟವನ್ನು ನಾವು ನಿಂದಿಸುವವರಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ ದೇವತೆಗಳ ಚಿತ್ರ ಸಾಮಾನ್ಯರ ಮನೆಗೂ ಬಂದಿತು. ಸೀರೆಯ ನೆರಿಗೆ, ಕಿರೀಟದ ಎತ್ತರ, ಭುಜಕೀರ್ತಿಯ ಆಕಾರ—ಇವನ್ನು ದರ್ಜಿಗೆ ಶ್ಲೋಕ ಹೇಳಿ ತಿಳಿಸಲಾದೀತೇ? ಅಲ್ಲಿ ಪಟವೇ ಬೇಕು. ಆದರೆ ಪಟವು ಒಬ್ಬ ಚಿತ್ರಕಾರನು ಕಂಡ ಒಂದು ಮುಖ, ಒಂದು ಕ್ಷಣ. ತುಂಬಿದ ಸಭೆಯಲ್ಲಿ ಹಿರಿಯರನ್ನು ಧರ್ಮವಾವುದೆಂದು ಕೇಳಿದವಳ ಎದೆಗಾರಿಕೆಯನ್ನು ಪಾತ್ರಧಾರಿಯು ಮಾತಿನಿಂದಲೇ ಪಡೆಯಬೇಕು.

ಆ ಹುಡುಗಿಯನ್ನು ಕೂರಿಸಿಕೊಂಡು ಸಭಾಪರ್ವದ ಆ ಭಾಗವನ್ನು ಅರ್ಥಸಹಿತವಾಗಿ ಓದಿ ಹೇಳಿದೆವು. ಮೇಷ್ಟರು ಹಾರ್ಮೋನಿಯಂ ಮುಚ್ಚಿ ಕೇಳುತ್ತಿದ್ದರು. ಪಾತ್ರ ಯಾರಿಗೆಂಬುದು ಇನ್ನೂ ನಿಶ್ಚಯವಾಗಿಲ್ಲ; ಕ್ಯಾಲೆಂಡರು ಮಾತ್ರ ಈಗ ದರ್ಜಿಯ ಅಂಗಡಿಯಲ್ಲಿದೆ.