ಡಿವಿಆರ್ ನಮ್ಮದು, ಪಾಸ್‌ವರ್ಡ್ ಯಾರದು?

ಮನೆಗಳ್ಳತನದ ವರದಿಗಳಲ್ಲಿ ಈಚೆಗೆ ಪದೇ ಪದೇ ಕಾಣುವ ಒಂದು ಸಾಲಿದೆ: ಕಳ್ಳರು ಹೋಗುವಾಗ ಸಿಸಿಟಿವಿಯ ಡಿವಿಆರ್ ಅನ್ನೂ ಹೊತ್ತೊಯ್ದಿದ್ದಾರೆ. ಗೇಟಿನ ಮೇಲೆ, ಪೋರ್ಟಿಕೊದಲ್ಲಿ, ಹಿತ್ತಿಲ ಬಾಗಿಲ ಬಳಿ ಕ್ಯಾಮೆರಾಗಳು ಇದ್ದಲ್ಲೇ ಇರುತ್ತವೆ. ಅವು ಕಂಡದ್ದೆಲ್ಲ ಸೇರಿಕೊಂಡಿದ್ದ ಪೆಟ್ಟಿಗೆ ಮಾತ್ರ ಇರುವುದಿಲ್ಲ. ಬಹಳಷ್ಟು ಮನೆಗಳಲ್ಲಿ ಅದು ಟಿವಿಯ ಪಕ್ಕದಲ್ಲೇ, ಷೋಕೇಸಿನ ತೆರೆದ ಅಂಕಣದಲ್ಲಿ, ಯಾರೂ ಹುಡುಕಬೇಕಾಗಿಲ್ಲದಂತೆ ಕೂತಿರುತ್ತದೆ. ಕ್ಯಾಮೆರಾ ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್, ರಾತ್ರಿ ಬಣ್ಣದಲ್ಲಿ ಕಾಣುತ್ತದೆಯೇ ಎಂದೆಲ್ಲ ವಿಚಾರಿಸುವ ನಾವು, ಡಿವಿಆರ್ ಎಲ್ಲಿರಬೇಕು, ಅದನ್ನು ಹೇಗೆ ಹೊಂದಿಸಬೇಕು, ಅದರ ಪಾಸ್‌ವರ್ಡ್ ಯಾರ ಬಳಿ ಇರಬೇಕು ಎಂಬ ಮೂರನ್ನೂ ಅಳವಡಿಸಲು ಬಂದ ಹುಡುಗನ ತೀರ್ಮಾನಕ್ಕೆ ಬಿಟ್ಟುಬಿಡುತ್ತೇವೆ. ಈ ಅಭ್ಯಾಸ ತಪ್ಪು ಎಂಬುದೇ ನನ್ನ ವಾದ. ಡಿವಿಆರ್ ಹೊಂದಿಸುವ ಕೆಲಸ ಮನೆಯವರ ಕಣ್ಣೆದುರೇ, ಅವರ ಕೈಯಿಂದಲೇ ಆಗಬೇಕು. ಹಾಗೆ ಆಗದ ಡಿವಿಆರ್ ಬೇಕಾದ ಹೊತ್ತಿಗೆ ಒದಗುವುದಿಲ್ಲ. ಕೆಲವೊಮ್ಮೆ ಮನೆಯವರಿಗೇ ತಿರುಗುಬಾಣವಾಗುತ್ತದೆ.

ಇದು ಅಷ್ಟೇನೂ ಜಟಿಲವಾದ ಯಂತ್ರವಲ್ಲ. ಹಿಂಬದಿಯಲ್ಲಿ ಸಾಲಾಗಿ ಬಿಎನ್‌ಸಿ ಕಿಂಡಿಗಳು. ಪ್ರತಿ ಕ್ಯಾಮೆರಾದಿಂದ ಬಂದ ಕೇಬಲ್ಲಿನ ತುದಿಯನ್ನು ಅಲ್ಲಿ ಸಿಕ್ಕಿಸಿ ಸ್ವಲ್ಪ ತಿರುಗಿಸಿದರೆ ಕೂತುಕೊಳ್ಳುತ್ತದೆ. ಕ್ಯಾಮೆರಾಗಳಿಗೆ 12 ವೋಲ್ಟ್ ಒದಗಿಸುವ ಪವರ್ ಸಪ್ಲೈ ಬೇರೆ ಇರುತ್ತದೆ. ಟಿವಿಗೆ ಎಚ್‌ಡಿಎಂಐ, ರೌಟರಿಗೆ ಲ್ಯಾನ್ ಕೇಬಲ್, ಮೆನು ತೆರೆಯಲು ಒಂದು ಮೌಸ್. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಳಗಿದೆ. ಅನೇಕ ಡಿವಿಆರ್‌ಗಳು ಹಾರ್ಡ್ ಡಿಸ್ಕ್ ಇಲ್ಲದೆಯೇ ಮಾರಾಟವಾಗುತ್ತವೆ. ಡಿಸ್ಕನ್ನು ಬೇರೆಯಾಗಿ ಕೊಂಡು ಒಳಗೆ ಸ್ಕ್ರೂ ಹಾಕಿ ಕೂರಿಸಬೇಕು. ಡಿಸ್ಕ್ ಇಲ್ಲದಿದ್ದರೂ, ಇದ್ದದ್ದು ಕೆಟ್ಟುಹೋದರೂ ಟಿವಿಯ ಮೇಲೆ ಎಲ್ಲ ಕ್ಯಾಮೆರಾಗಳ ನೇರ ಚಿತ್ರ ಚೆನ್ನಾಗಿಯೇ ಮೂಡುತ್ತಿರುತ್ತದೆ. ಮನೆಯವರು ಅದನ್ನು ನೋಡಿ ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತಾರೆ, ಆದರೆ ತಿಂಗಳುಗಟ್ಟಲೆ ಏನೂ ದಾಖಲಾಗಿರುವುದಿಲ್ಲ. ಡಿಸ್ಕ್ ಕೈಕೊಟ್ಟಾಗ ಎಚ್ಚರಿಸಲೆಂದೇ ಯಂತ್ರ ಕೀಂ ಕೀಂ ಎಂದು ಕೂಗುವ ವ್ಯವಸ್ಥೆ ಇದೆ. ಸದ್ದು ಕಿರಿಕಿರಿ ಎಂದು ಅದನ್ನೇ ಮೆನುವಿನಲ್ಲಿ ಬಂದ್ ಮಾಡಿಬಿಟ್ಟರೆ ಆ ಎಚ್ಚರಿಕೆಯೂ ಹೋಯಿತು.

ಎಷ್ಟು ದಿನದ ದೃಶ್ಯ ಉಳಿಯುತ್ತದೆ ಎಂಬುದು ಅಂದಾಜಿನ ಮಾತಲ್ಲ, ಲೆಕ್ಕದ ಮಾತು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಸತತವಾಗಿ ದಾಖಲಿಸಿದರೆ ದಿನಕ್ಕೆ 21.6 ಗಿಗಾಬೈಟ್. ನಾಲ್ಕು ಕ್ಯಾಮೆರಾಗಳಿಗೆ ಸುಮಾರು 86. ಅಂದರೆ 1 ಟೆರಾಬೈಟ್ ಡಿಸ್ಕ್ ಹನ್ನೊಂದು ದಿನದಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. ಎರಡು ವಾರ ಊರಿಗೆ ಹೋಗಿ ಬಂದವರು ಹೋದ ಮರುದಿನವೇ ನಡೆದ ಕಳ್ಳತನವನ್ನು ಹುಡುಕಹೊರಟರೆ ಅಲ್ಲಿ ಏನೂ ಇರುವುದಿಲ್ಲ. ಎಚ್.265 ಸಂಕೋಚನ ಆರಿಸಿ ಬಿಟ್ ದರವನ್ನು ಅರ್ಧಕ್ಕೆ ಇಳಿಸಿದರೆ ಅದೇ ಡಿಸ್ಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಉಳಿಸಬಹುದು. ಚಲನೆ ಕಂಡಾಗ ಮಾತ್ರ ದಾಖಲಿಸುವ ಆಯ್ಕೆಯೂ ಇದೆ. ಆದರೆ ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಹುಳು ಬರುತ್ತದೆ, ಹುಳುವಿಗಾಗಿ ಜೇಡ ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ, ಆ ಬಲೆ ಗಾಳಿಗೆ ಅಲುಗಿದ್ದನ್ನೇ ಯಂತ್ರ ಚಲನೆ ಎಂದು ರಾತ್ರಿಯಿಡೀ ದಾಖಲಿಸುತ್ತದೆ. ಹಾಗಾಗಿ ಗೇಟಿನ ಕ್ಯಾಮೆರಾ ಸತತವಾಗಿ, ಒಳಗಿನದು ಚಲನೆಗೆ ಎಂದು ಮನೆಯ ರೀತಿ ನೋಡಿ ನಿರ್ಧರಿಸಬೇಕಾಗುತ್ತದೆ. ಆ ಮನೆ ಯಾವಾಗ ಖಾಲಿ ಇರುತ್ತದೆ, ಎಷ್ಟು ದಿನ ಖಾಲಿ ಇರುತ್ತದೆ ಎಂಬುದು ಅಳವಡಿಸುವವನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಪಾಸ್‌ವರ್ಡಿನ ಪ್ರಶ್ನೆ ಇದೆಲ್ಲಕ್ಕಿಂತ ಗಂಭೀರ. ಹಳೆಯ ಡಿವಿಆರ್‌ಗಳು ಕಾರ್ಖಾನೆಯಿಂದಲೇ ಅಡ್ಮಿನ್, 12345 ಎಂಬಂಥ ಸಿದ್ಧ ಪಾಸ್‌ವರ್ಡಿನೊಂದಿಗೆ ಬರುತ್ತಿದ್ದವು. ಇಂಥ ಯಂತ್ರಗಳಿಂದ ಏನಾಗಬಹುದು ಎಂಬುದನ್ನು ಜಗತ್ತು 2016ರಲ್ಲಿ ನೋಡಿತು. ಮಿರಾಯ್ ಎಂಬ ಕುತಂತ್ರಾಂಶದ ಬತ್ತಳಿಕೆಯಲ್ಲಿ ಇದ್ದದ್ದು ಅರುವತ್ತರ ಆಸುಪಾಸಿನ ಸಿದ್ಧ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳು, ಅಷ್ಟೇ. ಅದು ಅಂತರ್ಜಾಲದಲ್ಲಿ ಸಿಕ್ಕ ಡಿವಿಆರ್, ಕ್ಯಾಮೆರಾ, ರೌಟರುಗಳ ಕದವನ್ನು ಒಂದೊಂದಾಗಿ ತಟ್ಟಿ, ತೆರೆದುಕೊಂಡವನ್ನೆಲ್ಲ ತನ್ನ ಪಡೆಗೆ ಸೇರಿಸಿಕೊಂಡಿತು. ಅಕ್ಟೋಬರ್ 21ರಂದು ಆ ಪಡೆ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಸೇವೆ ನೀಡುತ್ತಿದ್ದ ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಹಲವರಿಗೆ ಸಿಗದೇ ಹೋದವು. ಯಾರದೋ ಮನೆಯ ಗೇಟು ಕಾಯಬೇಕಾಗಿದ್ದ ಪೆಟ್ಟಿಗೆಗಳು ಒಡೆಯರಿಗೆ ಅರಿವೇ ಇಲ್ಲದೆ ಆ ದಾಳಿಯಲ್ಲಿ ಪಾಲುಗೊಂಡಿದ್ದವು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ 2025ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ಪ್ರಕರಣವಿದೆ. ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಒಳಗಿನ ಸಿಸಿಟಿವಿ ದೃಶ್ಯಗಳು, ತಪಾಸಣೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳು, ಯೂಟ್ಯೂಬ್ ಮತ್ತು ಟೆಲಿಗ್ರಾಮ್‌ನಲ್ಲಿ ಮಾರಾಟದ ಸರಕಾಗಿದ್ದವು. ಬದಲಿಸದೇ ಬಿಟ್ಟ, ಯಾರಾದರೂ ಊಹಿಸಬಲ್ಲ ಪಾಸ್‌ವರ್ಡಿನ ಮೂಲಕ ಹ್ಯಾಕರ್‌ಗಳು ಒಳನುಗ್ಗಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು.

ಈಗಿನ ಯಂತ್ರಗಳಲ್ಲಿ ಮೊದಲ ಸಲ ಚಾಲೂ ಮಾಡಿದಾಗಲೇ ಹೊಸ ಪಾಸ್‌ವರ್ಡ್ ಕೊಡಬೇಕು, ಆದ್ದರಿಂದ ಆ ಅಪಾಯ ತಪ್ಪಿತು ಎನ್ನುವವರಿದ್ದಾರೆ. ಅರ್ಧ ತಪ್ಪಿದೆ, ನಿಜ. ಆದರೆ ಆ ಹೊಸ ಪಾಸ್‌ವರ್ಡನ್ನು ಒತ್ತುವವರು ಯಾರು? ಮೌಸ್ ಹಿಡಿದು ಕೂತ ತಂತ್ರಜ್ಞ. ಮುಂದೆ ರಿಪೇರಿಗೆ ಬಂದಾಗ ನೆನಪಿರಲಿ ಎಂದು ತನ್ನ ಗಿರಾಕಿಗಳ ಮನೆಗಳಿಗೆಲ್ಲ ಒಂದೇ ಪಾಸ್‌ವರ್ಡ್ ಇಡುವ ರೂಢಿ ಈ ಕಸುಬಿನಲ್ಲಿದೆ. ಆ್ಯಪ್‌ನಲ್ಲಿ ಡಿವಿಆರ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವಾಗ ಮೊದಲು ತನ್ನ ಮೊಬೈಲಿಗೆ ಸೇರಿಸಿಕೊಂಡು, ಬಳಿಕ ಮನೆಯವರಿಗೆ ಹಂಚುವುದೂ ಉಂಟು. ಅವರಲ್ಲಿ ಬಹುತೇಕರು ಪ್ರಾಮಾಣಿಕರು, ಬಿಸಿಲಲ್ಲಿ ಏಣಿ ಹತ್ತಿ ದುಡಿಯುವವರು. ದೂರು ಅವರ ಮೇಲಲ್ಲ. ಆದರೆ ಮನೆ ಕಟ್ಟಿದ ಮೇಸ್ತ್ರಿ ಎಷ್ಟೇ ಒಳ್ಳೆಯವನಾದರೂ ಗೃಹಪ್ರವೇಶದ ದಿನ ಬೀಗದ ಕೈಗಳನ್ನೆಲ್ಲ ಕೊಟ್ಟು ಹೋಗುತ್ತಾನೆ. ಡಿವಿಆರ್ ವಿಷಯದಲ್ಲೂ ಅದೇ ಆಗಬೇಕು. ಅಡ್ಮಿನ್ ಪಾಸ್‌ವರ್ಡನ್ನು ಮನೆಯವರೇ ಒತ್ತಬೇಕು, ಆ್ಯಪ್ ಖಾತೆ ಮನೆಯವರ ಮೊಬೈಲ್ ಸಂಖ್ಯೆಯಲ್ಲೇ ತೆರೆಯಬೇಕು. ಮರೆತುಹೋಗುವ ಭಯವಿದ್ದರೆ ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ. ಅಂತರ್ಜಾಲದಿಂದ ನುಗ್ಗುವವರ ಕೈ ಬೀರುವಿನ ತನಕ ಬರುವುದಿಲ್ಲ.

ನಮ್ಮಂಥವರ ಮನೆಯಲ್ಲಿ ನೋಡಲು ಏನಿದೆ ಎಂಬ ಮಾತೂ ಬರುತ್ತದೆ. ಮಿರಾಯ್ ಯಾರ ಮನೆಯನ್ನೂ ನೋಡಲು ಹೋಗಿರಲಿಲ್ಲ. ಕದ ತಟ್ಟುತ್ತಿದ್ದದ್ದು ಯಂತ್ರ, ಅದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಇನ್ನೊಂದು ಸಂಗತಿಯನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ: ಡಿವಿಆರ್ ಕೆಲಸ ಮಾಡಲು ಅಂತರ್ಜಾಲ ಬೇಕಾಗಿಯೇ ಇಲ್ಲ. ಲ್ಯಾನ್ ಕೇಬಲ್ ಸಿಕ್ಕಿಸದಿದ್ದರೂ ದಾಖಲಾತಿ ನಡೆಯುತ್ತದೆ, ಟಿವಿಯಲ್ಲಿ ನೋಡಬಹುದು. ದಿನವಿಡೀ ಮನೆಯಲ್ಲಿ ಯಾರಾದರೂ ಇರುವ ಕುಟುಂಬಕ್ಕೆ ಇದೇ ಕ್ಷೇಮ ಎಂದು ನನ್ನ ಅಭಿಪ್ರಾಯ. ಧಾರವಾಡದಲ್ಲೋ ಮೈಸೂರಿನಲ್ಲೋ ವಯಸ್ಸಾದ ತಂದೆತಾಯಿ, ಮಕ್ಕಳು ಅಮೆರಿಕದಲ್ಲಿ ಎಂಬಂಥ ಮನೆಗಳ ಪರಿಸ್ಥಿತಿ ಬೇರೆ. ಅಲ್ಲಿ ಮೊಬೈಲಿನಲ್ಲಿ ಮನೆ ಕಾಣುವುದು ದೊಡ್ಡ ಸಮಾಧಾನ. ಅವರು ಸಂಪರ್ಕ ಇಟ್ಟುಕೊಳ್ಳಲಿ. ಆದರೆ ರೌಟರಿನಲ್ಲಿ ಪೋರ್ಟ್ ತೆರೆದಿಡುವುದು ಬೇಡ, ಪೋರ್ಟನ್ನು ತಾನಾಗಿಯೇ ತೆರೆಯುವ ಯುಪಿಎನ್‌ಪಿ ಎಂಬ ಆಯ್ಕೆ ಬಂದ್ ಇರಲಿ, ಡಿವಿಆರ್‌ನ ಫರ್ಮ್‌ವೇರ್ ಹೊಸದಿರಲಿ. ದೂರದ ಮಕ್ಕಳಿಗೆ ನೋಡುವ ಹಕ್ಕಷ್ಟೇ ಇರುವ ಬಳಕೆದಾರ ಖಾತೆ ಸಾಕು. ಮನೆಯ ಒಳಗೆ ಕ್ಯಾಮೆರಾ ಹಾಕುವ ಮೊದಲು ಆ ತಂದೆತಾಯಿಯ ಒಪ್ಪಿಗೆಯನ್ನೂ ಕೇಳಬೇಕು.

ದಾಖಲಾದ ದೃಶ್ಯ ಕಡೆಗೆ ಉಪಯೋಗಕ್ಕೆ ಬರಬೇಕಾದದ್ದು ಠಾಣೆಯಲ್ಲಿ, ನ್ಯಾಯಾಲಯದಲ್ಲಿ. ಅಲ್ಲಿ ಗಡಿಯಾರವೂ ಸಾಕ್ಷಿಯೇ. ಎಷ್ಟೋ ಡಿವಿಆರ್‌ಗಳು ಚೀನಾದ ಕಾಲಮಾನ ಇಟ್ಟುಕೊಂಡೇ ಬರುತ್ತವೆ. ಬದಲಿಸದಿದ್ದರೆ ಪರದೆಯ ಮೇಲಿನ ಗಂಟೆ ನಮ್ಮದಕ್ಕಿಂತ ಎರಡೂವರೆ ತಾಸು ಮುಂದಿರುತ್ತದೆ. ಒಳಗಿನ ನಾಣ್ಯದಷ್ಟಗಲದ ಬ್ಯಾಟರಿ ಮುಗಿದರೆ ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಿಗಿಯುತ್ತದೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದ್ದು, ಅದರ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕೊಡಬೇಕು. ಅದರ ಒಂದು ಭಾಗವನ್ನು ದಾಖಲೆ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಯಂತ್ರದ ವಿವರ, ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂಬ ಹೇಳಿಕೆ, ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಷ್ ಮೌಲ್ಯ ಎಲ್ಲವೂ ಅದರಲ್ಲಿರಬೇಕು. ಹಳೆಯ ಕಾಯ್ದೆಯಡಿಯಲ್ಲೂ ಮೂಲ ಸಾಧನವನ್ನೇ ಹಾಜರುಪಡಿಸದೆ ನಕಲು ಕೊಡುವುದಾದರೆ ಇಂಥ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಸ್ಪಷ್ಟಪಡಿಸಿತ್ತು. ತನ್ನ ಮನೆಯ ಡಿವಿಆರ್ ಯಾವ ಸಮಯ ತೋರಿಸುತ್ತಿತ್ತು, ಪಾಸ್‌ವರ್ಡ್ ಯಾರ ಬಳಿ ಇತ್ತು ಎಂದು ಹೇಳಲಾರದ ಒಡೆಯ, ಯಂತ್ರ ಸರಿಯಾಗಿತ್ತು ಎಂದು ಯಾವ ಧೈರ್ಯದಿಂದ ಸಹಿ ಹಾಕಬೇಕು? ಎದುರು ವಕೀಲರ ಮೊದಲ ಪ್ರಶ್ನೆ ಅದೇ ಆಗುತ್ತದೆ.

ನೆರೆಯವರ ವಿಚಾರವೂ ಡಿವಿಆರ್‌ನ ಮೆನುವಿನೊಳಗೇ ಇದೆ. ಇಕ್ಕಟ್ಟಾದ ಬೀದಿಗಳಲ್ಲಿ ನಮ್ಮ ಗೇಟಿನ ಕ್ಯಾಮೆರಾಕ್ಕೆ ಎದುರುಮನೆಯ ಬಾಗಿಲು, ಕಿಟಕಿ, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಕಾಣುತ್ತವೆ. ಮಾಲೀಕರ ಕ್ಯಾಮೆರಾಕ್ಕೆ ಬಾಡಿಗೆದಾರರ ಓಡಾಟ ಕಾಣುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಯ ಸ್ವಂತ ಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ, ಹಾಗಾಗಿ ಯಾರೂ ಕೇಳುವಂತಿಲ್ಲ ಎಂದು ವಾದಿಸುವವರುಂಟು. ಅಷ್ಟು ಸರಳವಲ್ಲ. ಒಂದೇ ಮನೆಯಲ್ಲಿ ಸಹವಾಸಿಯ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಕೊಟ್ಟ ಆದೇಶದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಕೈಹಾಕಲಿಲ್ಲ. ಡಿವಿಆರ್‌ನಲ್ಲಿ ಪ್ರೈವೆಸಿ ಮಾಸ್ಕ್ ಎಂಬ ಆಯ್ಕೆ ಇರುತ್ತದೆ. ಎದುರುಮನೆಯ ಕಿಟಕಿಯ ಮೇಲೆ ಮೌಸಿನಿಂದ ಒಂದು ಕಪ್ಪು ಚೌಕ ಎಳೆದರೆ ಆ ಭಾಗ ದಾಖಲಾಗುವುದೇ ಇಲ್ಲ. ಎರಡು ನಿಮಿಷದ ಕೆಲಸ. ಮೈಕ್ ಇರುವ ಕ್ಯಾಮೆರಾಗಳಲ್ಲಿ ಧ್ವನಿಯನ್ನು ಬಂದ್ ಮಾಡುವುದೂ ಅಷ್ಟೇ ಸುಲಭ.

ಇಷ್ಟೆಲ್ಲ ತಂತ್ರಜ್ಞಾನ ಸಾಮಾನ್ಯ ಗೃಹಸ್ಥರಿಗೆ ಎಲ್ಲಿ ಬರಬೇಕು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೆನು ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ಚಿಕ್ಕದಿರುತ್ತದೆ. ಆದರೆ ತರಕಾರಿ ಅಂಗಡಿಯಲ್ಲಿ ಯುಪಿಐ ಪಿನ್ ಒತ್ತುವಾಗ ಮೊಬೈಲನ್ನು ಮರೆಮಾಡಿಕೊಳ್ಳಲು ಕಲಿತ ಜನ ಇದನ್ನು ಕಲಿಯಲಾರರೆಂದು ನಂಬುವುದು ಕಷ್ಟ. ವೈಫೈ ಕ್ಯಾಮೆರಾ ಬಂದ ಮೇಲೆ ಡಿವಿಆರ್ ಹಳೆಯ ಕಾಲದ್ದಾಯಿತು ಎಂಬ ಮಾತಿಗೂ ಉತ್ತರವಿದೆ. ಆ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್ ಕ್ಯಾಮೆರಾದ ಜತೆಗೇ ಕಳುವಾಗುತ್ತದೆ. ಕ್ಲೌಡ್ ಎಂದರೆ ಮತ್ತೆ ಮತ್ತೆ ಚಂದಾ, ಜತೆಗೆ ಮನೆಯ ದೃಶ್ಯ ಇನ್ನಾರದೋ ಸರ್ವರಿನಲ್ಲಿ. ಪಾಸ್‌ವರ್ಡಿನ ಪ್ರಶ್ನೆ ಅಲ್ಲೂ ತಪ್ಪುವುದಿಲ್ಲ. ಬೀಗವಿರುವ ಕಪಾಟಿನಲ್ಲಿ, ಗಾಳಿಯಾಡುವಂತೆ, ಮನೆಯ ಇನ್‌ವರ್ಟರಿನ ಲೈನಿಗೆ ಸೇರಿಸಿದ ಡಿವಿಆರ್ ಈಗಲೂ ನಮ್ಮ ಮನೆಗಳಿಗೆ ಒಪ್ಪುವ ವ್ಯವಸ್ಥೆ. ಇನ್‌ವರ್ಟರಿನ ಮಾತು ಮುಖ್ಯ, ಏಕೆಂದರೆ ಹೊರಗಿನ ಮೀಟರ್ ಬೋರ್ಡಿನಲ್ಲಿ ಮೇನ್ ಆಫ್ ಮಾಡುವುದು ಯಾವ ಕಳ್ಳನಿಗೂ ಹೊಳೆಯುವ ಉಪಾಯ.

ಕೇಂದ್ರ ಸರ್ಕಾರ 2024ರ ಏಪ್ರಿಲಿನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯ ಷರತ್ತು ವಿಧಿಸಿತು. 2025ರ ಏಪ್ರಿಲಿನಿಂದ ಅದು ಜಾರಿಗೂ ಬಂದಿದೆ. ಒಳ್ಳೆಯ ಹೆಜ್ಜೆ. ಆದರೆ ಕಾರ್ಖಾನೆಯ ಪರೀಕ್ಷೆ ನಮ್ಮ ನಡುಮನೆಯಲ್ಲಿ ಯಾರು ಯಾವ ಪಾಸ್‌ವರ್ಡ್ ಒತ್ತಿದರು ಎಂಬುದನ್ನು ನೋಡಲಾರದು. ಕ್ಯಾಮೆರಾ ಹಾಕಿಸಿ ಎಂದು ಬಡಾವಣೆಗಳಲ್ಲಿ ತಿಳಿಹೇಳುವ ಪೊಲೀಸರು, ಹಾಕಿಸಿದ ಮೇಲೆ ಏನೇನು ಪರೀಕ್ಷಿಸಬೇಕು ಎಂಬ ಒಂದು ಪುಟವನ್ನು ಕನ್ನಡದಲ್ಲಿ ಹಂಚಲಿ. ಮಾರಾಟಗಾರರು ಬಿಲ್ಲಿನ ಜತೆಗೆ ಡಿಸ್ಕಿನ ಗಾತ್ರ, ಎಷ್ಟು ದಿನದ ದಾಖಲಾತಿ, ಅಡ್ಮಿನ್ ಖಾತೆ ಯಾರ ಹೆಸರಿನಲ್ಲಿ ಎಂಬುದನ್ನು ಬರೆದುಕೊಡಲಿ. ಹೊಸದಾಗಿ ಹಾಕಿಸುವವರು ಇವೆಲ್ಲ ಕೈಗೆ ಬರುವ ತನಕ ಕೊನೆಯ ಕಂತಿನ ಹಣ ಕೊಡಬೇಡಿ. ಈಗಾಗಲೇ ಡಿವಿಆರ್ ಇರುವವರು ಇವತ್ತೇ ಪ್ಲೇಬ್ಯಾಕ್ ತೆರೆದು, ನಿನ್ನೆ ರಾತ್ರಿ ಎರಡು ಗಂಟೆಯ ದೃಶ್ಯ ಇದೆಯೇ, ಅದರ ಮೇಲಿನ ಸಮಯ ಸರಿಯಾಗಿದೆಯೇ ನೋಡಿ, ಪಾಸ್‌ವರ್ಡ್ ಬದಲಿಸಿ.