ಗಂಟೆ ಯಾರ ಕೈಯಲ್ಲಿರಬೇಕು?



ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಜಗಲಿಯ ತೊಲೆಗೆ ರೈಲುಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಅದೇ ನಮ್ಮ ಗಂಟೆ. ಮುಖ್ಯೋಪಾಧ್ಯಾಯರು ಹೇಳಿದಾಗ ಮಾತ್ರ, ಜವಾನರು ಮಾತ್ರ ಅದನ್ನು ಬಾರಿಸಬೇಕೆಂಬುದು ನಿಯಮವಾಗಿತ್ತು. ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಸದ್ದು ಹೇಗೆ ಬರುತ್ತದೆಂದು ನೋಡುವ ಕುತೂಹಲದಿಂದ, ಮನೆಗೆ ಬಿಡುವ ಗಂಟೆಯನ್ನು ಬಾರಿಸಿಬಿಟ್ಟ. ಅರ್ಧ ಶಾಲೆ ಗೇಟು ದಾಟಿತು. ಮುಂದಿನ ಒಂದು ವಾರ ಪ್ರತಿ ಗಂಟೆಗೂ ಮಕ್ಕಳು, "ಇದು ನಿಜವಾದದ್ದಾ ಸಾರ್?" ಎಂದು ಕೇಳುತ್ತಿದ್ದರು.

ಈ ಪ್ರಸಂಗ ಕಳೆದ ಮಳೆಗಾಲದಲ್ಲಿ ನನಗೆ ಮತ್ತೆ ನೆನಪಾಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಅಡಿಕೆ ಬೆಳೆಗಾರರಿಗಾಗಿ ಮೊಬೈಲ್ ಆ್ಯಪ್ ಒಂದನ್ನು ಉಚಿತವಾಗಿ ಮಾಡಿಕೊಟ್ಟಿದ್ದಾನೆ. ರಾಶಿ, ಬೆಟ್ಟೆ, ಗೊರಬಲುಗಳ ದಿನದ ಧಾರಣೆಯನ್ನೂ ಮಳೆ ಮತ್ತು ಹೊಳೆಯ ಎಚ್ಚರಿಕೆಯನ್ನೂ ಅದು ನೋಟಿಫಿಕೇಶನ್ ಮೂಲಕ ತಿಳಿಸುತ್ತದೆ. ಒಂದು ರಾತ್ರಿ ಎರಡು ಗಂಟೆಗೆ "ತುರ್ತು: ಹೊಳೆಯ ನೀರು ಏರುತ್ತಿದೆ" ಎಂಬ ಸಂದೇಶ ಎಲ್ಲರ ಫೋನಿಗೂ ಬಂತು. ತೀರ್ಥಹಳ್ಳಿಯ ಬಳಿ ಹೊಳೆಯಂಚಿನಲ್ಲಿರುವ ನಮ್ಮ ಭಾವನವರು, ಎಪ್ಪತ್ತೆರಡರ ವಯಸ್ಸಿನಲ್ಲಿ, ಜಡಿಮಳೆಯಲ್ಲಿ ದನಗಳ ಹಗ್ಗ ಬಿಚ್ಚಿ ಮೇಲಿನ ಹಿತ್ತಲಿಗೆ ಹೊಡೆದುಕೊಂಡು ಹೋದರು. ನೀರು ಏರಿರಲಿಲ್ಲ. ಹುಡುಗ ತಾನು ಬರೆದದ್ದನ್ನು ಪರೀಕ್ಷಿಸುತ್ತಿದ್ದನಷ್ಟೆ.

ಮರುದಿನವೇ ಭಾವನವರು ಆ ಆ್ಯಪ್‌ನ ನೋಟಿಫಿಕೇಶನ್ ನಿಲ್ಲಿಸಿದರು. ಮೂರು ವಾರಗಳ ನಂತರ ನಿಜವಾದ ಎಚ್ಚರಿಕೆ ಹೊರಟಾಗ ಅವರ ಫೋನು ಮೌನವಾಗಿತ್ತು. ತೋಟದ ಕೆಳಗಿನ ಶೆಡ್ಡಿನಲ್ಲಿದ್ದ ಮೈಲುತುತ್ತದ ಚೀಲಗಳೂ ಔಷಧಿ ಹೊಡೆಯುವ ಯಂತ್ರವೂ ನೀರುಪಾಲಾದವು. ದನಗಳು ಅಲ್ಲಿರಲಿಲ್ಲವೆಂಬುದೇ ಸಮಾಧಾನ.

ಹುಡುಗ ನನಗೆ ಫೋನು ಮಾಡಿ ಬಹಳ ನೊಂದುಕೊಂಡ. ತಪ್ಪು ಹೇಗಾಯಿತೆಂದು ನಾನು ಕೇಳಿದೆ. ಆತ ಸಾವಧಾನವಾಗಿ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಇಂತಹ ಸಂದೇಶ ನೇರವಾಗಿ ನಮ್ಮ ಫೋನಿಗೆ ಬರುವುದಿಲ್ಲ. ಆ್ಯಪ್ ಸ್ಥಾಪಿಸಿದಾಗ ಪ್ರತಿ ಫೋನಿಗೂ 'ಟೋಕನ್' ಎಂಬ ಗುರುತು ಸಿಗುತ್ತದೆ. ಅದು ಅಂಚೆಯ ವಿಳಾಸವಿದ್ದಂತೆ. ಸಂಘದ ಕಾರ್ಯದರ್ಶಿ ತಮ್ಮ ಪರದೆಯಲ್ಲಿ ಗುಂಡಿ ಒತ್ತಿದರೆ ಸಂದೇಶ ಸರ್ವರಿಗೆ, ಅಲ್ಲಿಂದ ಗೂಗಲ್ ಅಥವಾ ಆಪಲ್ ಸಂಸ್ಥೆಯ ಸೇವೆಗೆ, ಅಲ್ಲಿಂದ ಆಯಾ ವಿಳಾಸಕ್ಕೆ ಹೋಗುತ್ತದೆ. ನಮ್ಮ ಹುಡುಗ ಆ ಗುಂಡಿಯ ಪರದೆಯೊಳಗೇ ಸಂದೇಶ ಕಳುಹಿಸುವ ಸಾಧನವನ್ನೂ ಕಟ್ಟಿಬಿಟ್ಟಿದ್ದ. ಗುಂಡಿಯನ್ನು ಪರೀಕ್ಷಿಸಬೇಕೆಂದರೆ ನಿಜವಾದ ಗಂಟೆಯನ್ನೇ ಬಾರಿಸಬೇಕಿತ್ತು. ಬೇರೆ ದಾರಿಯನ್ನೇ ಆತ ಉಳಿಸಿಕೊಂಡಿರಲಿಲ್ಲ.

ಇದಕ್ಕೆ ಪರಿಹಾರ ಅವರ ವಿದ್ಯೆಯಲ್ಲಿ ಹಿಂದಿನಿಂದಲೂ ಇದೆ. 'ಡಿಪೆಂಡೆನ್ಸಿ ಇಂಜೆಕ್ಷನ್' ಎಂದು ಅದರ ಹೆಸರು. 2004ರಲ್ಲಿ ಮಾರ್ಟಿನ್ ಫೌಲರ್ ಅವರು ಬರೆದ ಲೇಖನದಿಂದ ಆ ಹೆಸರು ಪ್ರಚಾರಕ್ಕೆ ಬಂತಂತೆ. ಹೆಸರು ಭಾರವಾದರೂ ತತ್ತ್ವ ಸರಳ: ಒಂದು ಭಾಗಕ್ಕೆ ಬೇಕಾದ ಸಾಧನವನ್ನು ಅದು ತಾನೇ ತಯಾರಿಸಿಕೊಳ್ಳಬಾರದು, ಹೊರಗಿನಿಂದ ಅದರ ಕೈಗೆ ಕೊಡಬೇಕು. ಹಾಗೆ ಮಾಡಿದರೆ ಪರೀಕ್ಷೆಯ ದಿನ ಸದ್ದು ಮಾಡದ ಹುಸಿ ಗಂಟೆಯನ್ನು ಕೊಡಬಹುದು. ಅದು ಎಷ್ಟು ಸಲ, ಯಾರಿಗಾಗಿ ಬಾರಿಸಲ್ಪಟ್ಟಿತೆಂದು ಪುಸ್ತಕದಲ್ಲಿ ಬರೆದಿಡುತ್ತದೆ ಅಷ್ಟೆ. ಬಳಕೆಯ ದಿನ ನಿಜವಾದ ಗಂಟೆಯನ್ನು ಕೊಟ್ಟರಾಯಿತು. ಪರದೆಯ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

"ಇಷ್ಟು ಸಣ್ಣ ಆ್ಯಪ್‌ಗೆ ಅಷ್ಟೆಲ್ಲ ವ್ಯವಸ್ಥೆ ಯಾಕೆ ಅಂದುಕೊಂಡೆ ಸಾರ್" ಎಂದ. ಅವನ ಮಾತಿನಲ್ಲೂ ಹುರುಳಿದೆ. ಡ್ಯಾಗರ್, ಹಿಲ್ಟ್ ಮುಂತಾದ ದೊಡ್ಡ ಸಲಕರಣೆಗಳು ಎಲ್ಲರಿಗೂ ಅನಿವಾರ್ಯವಲ್ಲ. ಸಾಧನವನ್ನು ಕೈಯಿಂದ ಕೈಗೆ ದಾಟಿಸಿದರೂ ತತ್ತ್ವ ಪಾಲಿಸಿದಂತೆಯೇ. ಆದರೆ ಮಲಗಿರುವ ಮನುಷ್ಯನನ್ನು ಎಬ್ಬಿಸಬಲ್ಲ ಯಾವ ಆ್ಯಪ್ ಕೂಡ ಸಣ್ಣದಲ್ಲ ಎಂಬುದು ನನ್ನ ಅಭಿಪ್ರಾಯ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2018ರ ಜನವರಿ 13ರಂದು ಅಮೆರಿಕದ ಹವಾಯಿ ದ್ವೀಪಗಳಲ್ಲಿ ತಾಲೀಮಿನ ವೇಳೆ ಕ್ಷಿಪಣಿ ದಾಳಿಯ ಎಚ್ಚರಿಕೆ ನಿಜವಾಗಿಯೇ ಜನರ ಫೋನುಗಳಿಗೆ ಹೋಯಿತು. ಅದು ಸುಳ್ಳೆಂಬ ಸಂದೇಶ ಫೋನಿಗೆ ತಲುಪಲು 38 ನಿಮಿಷ ಬೇಕಾಯಿತು. ನಮ್ಮ ರಾಜ್ಯದಲ್ಲಿ 2023ರ ಅಕ್ಟೋಬರ್ 12ರಂದು ದೂರಸಂಪರ್ಕ ಇಲಾಖೆಯವರು ಫೋನುಗಳನ್ನು ಮೊಳಗಿಸಿದಾಗ ಹಲವರು ಬೆಚ್ಚಿದ್ದು ನಿಮಗೆ ನೆನಪಿರಬಹುದು. ಆ ಸಂದೇಶದಲ್ಲಿಯೇ ಇದು ಪರೀಕ್ಷೆ ಎಂದು ಬರೆದಿತ್ತು. ಮುಂಚಿತವಾಗಿ ಪ್ರಕಟಣೆಯೂ ಇತ್ತು. ಕೇಳುವವರಿಗೆ ಅಷ್ಟು ಗೌರವ ಸಲ್ಲಬೇಕು.

ನಮ್ಮ ಮಲೆನಾಡಿಗೆ ಇನ್ನೆರಡು ಮಾತು ಅಗತ್ಯ. ಹುಲಿಕಲ್, ಆಗುಂಬೆಯಂತಹ ಮಳೆಯ ಊರುಗಳ ಸುತ್ತ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ಮನೆಗಳಿವೆ. ಫೋನಿಗೆ ಸಂಪರ್ಕವಿಲ್ಲದಾಗ ಗೂಗಲ್‌ನ ಸೇವೆ ಸಂದೇಶವನ್ನು ಕಾದಿರಿಸುತ್ತದೆ. ಬೇರೆ ಅವಧಿ ಹೇಳದಿದ್ದರೆ ನಾಲ್ಕು ವಾರಗಳವರೆಗೂ. ಸೋಮವಾರದ ಹೊಳೆಯ ಎಚ್ಚರಿಕೆ ಗುರುವಾರ ಗುಡ್ಡದ ಮೇಲೆ ಮೊಳಗಿದರೆ ಅದೂ ಸುಳ್ಳು ಗಂಟೆಯೇ. ಆದ್ದರಿಂದ ಪ್ರತಿ ಎಚ್ಚರಿಕೆಗೂ ಇಂತಿಷ್ಟು ಗಂಟೆಗಳ ಆಯುಷ್ಯ ಬರೆದು ಕಳುಹಿಸಬೇಕು. ಎರಡನೆಯದಾಗಿ, 2017ರ ಆಂಡ್ರಾಯ್ಡ್ 8ರಿಂದೀಚೆಗೆ ನೋಟಿಫಿಕೇಶನ್‌ಗಳನ್ನು ಬೇರೆ ಬೇರೆ 'ಚಾನೆಲ್'ಗಳಲ್ಲಿ ಇಡಬಹುದು. ಧಾರಣೆಯನ್ನೂ ಪ್ರವಾಹವನ್ನೂ ಒಂದೇ ಚಾನೆಲ್‌ಗೆ ತುಂಬಿದರೆ, ದಿನವೂ ಬರುವ ಧಾರಣೆಯಿಂದ ಬೇಸತ್ತವರು ಪ್ರವಾಹದ ಎಚ್ಚರಿಕೆಯನ್ನೂ ಕಳೆದುಕೊಳ್ಳುತ್ತಾರೆ.

ಬಿ.ಇಡ್. ಓದುವಾಗ ಮನೋವಿಜ್ಞಾನದ ತರಗತಿಯಲ್ಲಿ ಕಲಿತದ್ದು ಇದನ್ನೇ: ಫಲವಿಲ್ಲದೆ ಮರುಕಳಿಸುವ ಉದ್ದೀಪನಕ್ಕೆ ಪ್ರತಿಕ್ರಿಯೆ ಕುಗ್ಗುತ್ತದೆ. ಕುಗ್ಗಿದ ನಂಬಿಕೆಯನ್ನು ಮತ್ತೆ ಕಟ್ಟುವುದು ಆ್ಯಪ್ ಕಟ್ಟುವುದಕ್ಕಿಂತ ನಿಧಾನದ ಕೆಲಸ.

ಹುಡುಗ ಈಗ ಎಲ್ಲವನ್ನೂ ಹೊಸದಾಗಿ ಬರೆದಿದ್ದಾನೆ. ದೀಪಾವಳಿಗೆ ಊರಿಗೆ ಬಂದವನು ಭಾವನವರ ಮನೆಗೇ ಹೋಗಿ ಕ್ಷಮೆ ಕೇಳಿದ. ಅವರು ಕಾಫಿ ಕೊಟ್ಟು, ಫೋನನ್ನು ಅವನ ಮುಂದಿಟ್ಟು, "ಎಚ್ಚರಿಕೆ ಒಂದನ್ನು ಹಾಕಿಕೊಡು ಮಾರಾಯ, ಧಾರಣೆ ನನಗೆ ಪೇಪರಿನಲ್ಲಿ ಸಿಗುತ್ತದೆ" ಎಂದರಂತೆ.

ಇಂತಹ ಉದ್ಯೋಗದಲ್ಲಿರುವ ನನ್ನ ವಿದ್ಯಾರ್ಥಿಗಳು ಅನೇಕರಿದ್ದೀರಿ. ನೀವು ಗುಂಡಿ ಒತ್ತುವ ಮೊದಲು ಆ ಮಳೆಯ ರಾತ್ರಿ ದನದ ಹಗ್ಗ ಬಿಚ್ಚುತ್ತಿದ್ದ ಮುದುಕರನ್ನೊಮ್ಮೆ ನೆನೆಯಿರಿ ಎಂಬುದಷ್ಟೇ ನಿಮ್ಮ ಮೇಷ್ಟ್ರ ಕೋರಿಕೆ.